ಕೂಲಿ ಇಳಿಯಂಗಿಲ್ಲ, ಕೆಲ್ಸ ಇಳೀತೈತಿ

ಸಂಕ್ರಾಂತಿ ಮುಗಿದ ಮ್ಯಾಲೆ ಬಂದ ಭಾನುವಾರ ಕುರುಗೋಡಿಂದ ನಮ್ಮ ತಂಗಿ, ಆಕಿ ಮಗಳು ಇಬ್ರೂ ಬಂದಿದ್ರು. ಉಳಿದ ಸಜ್ಜಿ ರೊಟ್ಟಿ, ಬದನಿಕಾಯಿ ಪಲ್ಯ ಇಟ್ಟೆ. ತಂಗಿ ಉಂಡ್ಲು. ಹುಡುಗಿ ರೊಟ್ಟಿ ಮುರಕೊಂತ ಕುಂತ್ಲು, ಬಾಯಿಗೆ ಹಾಕ್ಲಿಲ್ಲ. ಅವ್ವ-ಮಗಳ ನಡುವೆ ಬಸ್ಸಿನ್ಯಾಗ ಏನೋ ನಡದೈತಿ ಅಂತ ಗೊತ್ತಾತು.

ಸಂಗತಿ ಇಷ್ಟ. ಹೆಣ್ಮಕ್ಕಳಿಗೆ ಬಸ್ಸು ಫ್ರೀ ಆದ ಮ್ಯಾಲೆ ಈ ಹುಡುಗಿ ದಿನಾ ಬಳ್ಳಾರಿಗೆ ಬಂದು ಜೀನ್ಸ್ ಹೊಲಿಯೋ ಕಡೆ ಕೆಲ್ಸ ಮಾಡ್ತಾಳ. ಎರಡೂವರಿ ವರ್ಷ ಆತು. ಮೊದಲು ದಾರ ಕತ್ತರಿಸೋ ಕೆಲ್ಸಕ್ಕ ಸೇರಿದಾಕಿ, ಈಗ ಜಿಪ್ ಕೂಡಿಸೋದು ಕಲ್ತಾಳ. ಒಂದು ಪ್ಯಾಂಟಿಗೆ 3 ರೂಪಾಯಿ. ದಿನಕ್ಕ 150 ಪೀಸು ಹೊಲೀತಾಳ. ಈಗ ಇನ್ನೊಂದು ಯೂನಿಟ್ಟಿನವರು ‘ಮೂರೂವರಿ ಕೊಡ್ತೀವಿ, ನಾಳೆನ ಬಾ’ ಅಂದಾರ.

ತಂಗಿ ಒಲ್ಲೆ ಅಂತಾಳ. ‘ಅಕ್ಕ, ಮಗನ ಮದುವಿಗೆ ಬಾಯಿಬಿಟ್ಟು ಕೇಳಿದ ಕೂಡ್ಲೆ ಸಾವ್ಕಾರ 25,000 ಮುಂಗಡ ಕೊಟ್ಟಾನ. ಒಂದು ಪೈಸೆ ಬಡ್ಡಿ ಇಲ್ಲ. ಅಂಥಾ ಮನಿ ಬಿಟ್ಟು ಈಕಿ ಎಂಟಾಣೆಗೆ ಆಸೆ ಬಿದ್ದು ಹೋಗ್ತಾಳಂತ. ನೀನ ಹೇಳು.’

ಹುಡುಗಿ ತಲಿ ಎತ್ತಿ ನನ್ನ ಕಡೆ ನೋಡಿದ್ಲು. ‘ದೊಡ್ಡಮ್ಮ, ನೀನ ಹೇಳು’ ಅಂದ್ಲು.

ನನಗ ಆ ಹೊತ್ತಿಗೆ ಉತ್ತರ ಬರಲಿಲ್ಲ. ಇದ ಪ್ರಶ್ನಿ 20 ವರ್ಷದ ಹಿಂದ ನಮ್ಮ ಮನ್ಯಾಗೂ ಎದ್ದಿತ್ತು. ಆಗ ನಾನು ದೊಡ್ಡ ದನಿಯಾಗ ಉತ್ತರ ಹೇಳಿದ್ದೆ. ಆ ಉತ್ತರ ತಪ್ಪಾತು. ಅದಕ್ಕ ಈ ಸಲ ಒಂದು ವಾರ ಕುಂತು ಯೋಚನಿ ಮಾಡೀನಿ, ಲೆಕ್ಕ ಹಾಕೀನಿ. ಏನು ತಿಳೀತು ಅಂತ ನಿಮ್ಮ ಮುಂದ ಇಡ್ತೀನಿ. ನಮ್ಮ ಓಣ್ಯಾಗ, ನಮ್ಮ ಬೀಗರ ಮನಿಗಳಾಗ ಇಂಥಾ ಹುಡುಗ್ಯಾರು ಇನ್ನೂ ಬಾಳ ಮಂದಿ ಅದಾರ.

20 ವರ್ಷದ ಹಿಂದಿನ ಮಾತು ಅಂದ್ರ ಗಣಿ ಕಾಲದ ಮಾತು. 2003-04ರ ಹೊತ್ತಿಗೆ ಚೀನಾದವರಿಗೆ ಉಕ್ಕು ಸಾಲವಲ್ದಾಗಿತ್ತು. 2008ರ ಬೀಜಿಂಗ್ ಒಲಿಂಪಿಕ್ಸಿಗೆ ಅಂತ ಅವರು ಸ್ಟೇಡಿಯಂ, ರಸ್ತೆ, ಸೇತುವಿ ಕಟ್ಟಾಕ ಹತ್ತಿದ್ರು. ಇಲ್ಲಿ ಸಂಡೂರು, ಹೊಸಪೇಟಿ ಗುಡ್ಡದ ಕೆಂಪು ಮಣ್ಣಿಗೆ ಬಂಗಾರದ ಬೆಲಿ ಬಂತು. ಹೊಲ ಇದ್ದವರು ಬೆಳಿ ಬಿಟ್ಟು ಅದಿರು ಅಗಿಯಾಕ ಕೊಟ್ರು. ಹೊಸಪೇಟಿ ದಾರ್‍ಯಾಗ ರಾತ್ರಿ ಹಗಲು ಲಾರಿ ಸಾಲು. ಮನಿ ಮುಂದ ಒಣಗಿಸಿದ ಬಿಳಿ ಸೀರಿ ಸಂಜಿಗೆ ಕೆಂಪಾಗ್ತಿತ್ತು, ನಿಮಗೂ ನೆನಪಿರಬೇಕು.

ನಮ್ಮೆಜಮಾನ್ರು ಆಗ ಟಿಪ್ಪರ್ ಡ್ರೈವರ್. ಅವರ ಜೋಡಿ ಕೆಲ್ಸಕ್ಕ ಸೇರಿದವರು ಆರು ತಿಂಗಳಿಗೊಂದು ಮಾಲಕನ್ನ ಬದಲಿ ಮಾಡ್ತಿದ್ರು. ‘ಅಲ್ಲಿ ಸಾವಿರ ಜಾಸ್ತಿ ಕೊಡ್ತಾರ’ ಅಂತ ಒಂದು ಕಡೆ, ‘ಇಲ್ಲಿ ಟ್ರಿಪ್ಪಿನ ಮ್ಯಾಲೆ ಬ್ಯಾರೆ ಬಾಟಾ ಐತಿ’ ಅಂತ ಇನ್ನೊಂದು ಕಡೆ. ಇವರನ್ನೂ ಕರದ್ರು. ಆಗ ನಾನ ಅಂದೆ, ‘ಉಪ್ಪು ತಿಂದ ಮನಿ, ಬಿಡಬ್ಯಾಡ್ರಿ. ಮಾಲಕರು ನಂಬ್ಯಾರ. ಕಷ್ಟ ಬಂದಾಗ ಅವರ ಕೈ ಹಿಡೀತಾರ.’ ಇವರು ನನ್ನ ಮಾತು ಕೇಳಿದ್ರು. ಏಳು ವರ್ಷ ಒಬ್ಬರ ಹತ್ರನ ದುಡಿದ್ರು. ಅಷ್ಟು ವರ್ಷದಾಗ ಎರಡು ಸಲ ಪಗಾರ ಏರ್ತು. ಓಡ್ಯಾಡಿದವರ ಪಗಾರ ಇವರಕಿಂತ ಒಂದೂವರಿ ಪಟ್ಟು ಆಗಿತ್ತು.

2010ರ ಜುಲೈದಾಗ ಸರ್ಕಾರ ಅದಿರು ಹೊರಗ ಕಳಿಸೋದು ನಿಲ್ಲಿಸ್ತು. 2011ರ ಜುಲೈ 29ಕ್ಕ ಸುಪ್ರೀಂ ಕೋರ್ಟು ಬಳ್ಳಾರಿ ಜಿಲ್ಲೆದಾಗ ಗಣಿಗಾರಿಕಿನ ಬಂದ್ ಮಾಡ್ತು. ಕಾಡು, ಗುಡ್ಡ, ರಸ್ತೆ ಹಾಳಾಗಿದ್ದು ನೋಡಿದ್ರ ಬಂದ್ ಆಗಿದ್ದು ನ್ಯಾಯನ. ಅದರ ಬಗ್ಗೆ ನನ್ನದು ತಕರಾರಿಲ್ಲ. ಆದ್ರ ಆ ದಿನ ನಮ್ಮೆಜಮಾನ್ರ ಕೆಲ್ಸಾನೂ ಹೋತು, ಓಡ್ಯಾಡಿದವರ ಕೆಲ್ಸಾನೂ ಹೋತು. ಏಳು ವರ್ಷ ನಿಂತವರಿಗೆ ಒಂದು ದಿನ ಹೆಚ್ಚಿಗಿ ಕೆಲ್ಸ ಸಿಗಲಿಲ್ಲ. ಮಾಲಕರು ಕೆಟ್ಟವರಲ್ಲ. ಅವರ ಟಿಪ್ಪರ್‌ಗಳೂ ಕಂತು ಕಟ್ಟಲಾರದ ನಿಂತಿದ್ವು. ಕೈ ಹಿಡಿಯಾಕ ಅವರಿಗೆ ಕೈ ಎಲ್ಲಿತ್ತು?

ಬಂದ್ ಆದ ಮ್ಯಾಲೆ ಇವರು ಏಳು ತಿಂಗಳು ಮನ್ಯಾಗ ಕುಂತ್ರು. ಆಮ್ಯಾಲೆ ಸಾಲಿ ವ್ಯಾನ್ ನಡಸಾಕ ಹೋದ್ರು, ಮೊದಲಿನ ಪಗಾರದ ಅರ್ಧಕ್ಕ. 2013ರಾಗ ಕೋರ್ಟು ಕೆಲವು ಗಣಿಗಳಿಗೆ ಮತ್ತ ಪರವಾನಗಿ ಕೊಟ್ಟಾಗ ತಿರುಗಿ ಹೋಗಿ ಕೇಳಿದ್ರು. ಅದ ಟಿಪ್ಪರ್, ಅದ ದಾರಿ. ಆದ್ರ ಹೊಸದಾಗಿ ಸೇರೋರಿಗೆ ಕೊಡೋ ಪಗಾರ 2010ರಕಿಂತ ಕಡಿಮಿ ಇತ್ತು. ‘ಬೇಕಾದ್ರ ಬಾ, ಹೊರಗ ಹತ್ತು ಮಂದಿ ನಿಂತಾರ’ ಅಂದ್ರಂತ.

ಅವತ್ತು ನನಗ ತಿಳಿದಿದ್ದು ಇದು. ವ್ಯಾಪಾರ ಏರೋ ಕಾಲದಾಗ ಹೆಚ್ಚಿನ ಕೂಲಿ ಜಾಗ ಬದಲಿಸಿದವರಿಗೆ, ಇಲ್ಲಾ ‘ಬದಲಿಸ್ತೀನಿ’ ಅಂತ ಹೇಳಾಕ ಧೈರ್ಯ ಇದ್ದವರಿಗೆ ಸಿಗ್ತೈತಿ. ಸುಮ್ಮನ ನಿಂತವರಿಗೆ ಅದರ ಚೂರು ಸಿಗ್ತೈತಿ. ಇಳಿಯೋ ಕಾಲದಾಗ ಮಾತ್ರ ಇಬ್ಬರಿಗೂ ಪೆಟ್ಟು ಒಂದ. ನಂಬಿಕಿ ಒಳ್ಳೇದು. ಆದ್ರ ಏರುಗಾಲದಾಗ ನಂಬಿಕಿಗೆ ಬೆಲಿ ಕಟ್ಟಿಸಿಕೊಳ್ಳದಿದ್ರ, ಇಳಿಗಾಲದಾಗ ಅದನ್ನ ಯಾರೂ ಕೊಳ್ಳಂಗಿಲ್ಲ.

ನಮ್ಮ ಮಗ ಡಿಗ್ರಿಯಾಗ ಅರ್ಥಶಾಸ್ತ್ರ ಓದ್ಯಾನ. ಅವ ಹೇಳಿದ, ಇದು ಬಳ್ಳಾರಿ ಮಾತಷ್ಟ ಅಲ್ಲಂತ. ಅಮೆರಿಕದಾಗ ಅಟ್ಲಾಂಟಾ ಊರಿನ ಫೆಡರಲ್ ರಿಸರ್ವ್ ಬ್ಯಾಂಕಿನವರು ಕೆಲ್ಸ ಬದಲಿಸಿದವರ ಪಗಾರ ಎಷ್ಟು ಏರ್ತು, ಅಲ್ಲೇ ನಿಂತವರದು ಎಷ್ಟು ಏರ್ತು ಅಂತ ತಿಂಗಳಾ ಲೆಕ್ಕ ಇಡ್ತಾರಂತ. ಕೊರೋನಾ ಮುಗಿದ ಮ್ಯಾಲೆ 2022ರಾಗ ಎಲ್ಲಾ ಕಡೆ ಮಂದಿ ಬೇಕಾಗಿದ್ದಾಗ, ಬದಲಿಸಿದವರು ನಿಂತವರಕಿಂತ ಬಾಳ ಮುಂದ ಹೋಗಿದ್ರು. 2025ರ ಹೊತ್ತಿಗೆ ಕೆಲ್ಸದ ಸುಗ್ಗಿ ತಣ್ಣಗಾತು, ಆ ಅಂತರ ಹೆಚ್ಚು ಕಡಿಮಿ ಮುಚ್ಚಿ ಹೋತು. ಅಂದ್ರ ಜಾಗ ಬದಲಿಸೋದಕ್ಕೂ ಒಂದು ಹದ ಐತಿ. ಹದ ನೋಡಿ ಬಿತ್ತಬೇಕು ಅಂತ ರೈತರ ಮನಿ ಹೆಣ್ಮಕ್ಕಳಿಗೆ ನಾನು ಹೇಳಬೇಕಾ?

ಈಗ ಹೊಲದ ಕಡೆ ಬರ್ರಿ.

ಸಿರುಗುಪ್ಪದ ನಮ್ಮ ನಾದಿನಿ 30 ವರ್ಷದಿಂದ ನೆಲ್ಲು ಹಚ್ಚಾಕ ಹೋಗ್ತಾಳ. ಗಣಿ ಜೋರಿದ್ದಾಗ ಗಂಡಸ್ರು ಲಾರಿ ಹತ್ತಿದ್ರು, ಎಷ್ಟೋ ಹೆಣ್ಮಕ್ಕಳು ಅದಿರು ಒಡಿಯಾಕ ಹೋದ್ರು. ಸಸಿ ಹಚ್ಚಾಕ ಕೈ ಇಲ್ಲ. ರೈತರು ಟಂಟಂ ಕಳಿಸಿ ಬ್ಯಾರೆ ಊರಿಂದ ಆಳು ತರಸ್ತಿದ್ರು. ಮುಂಜಾನಿ ಚಾ, ಮಧ್ಯಾಹ್ನ ಊಟ, ಮ್ಯಾಲೆ ಕೂಲಿನೂ ಜಾಸ್ತಿ. ಗಣಿಯೊಳಗ ಕಾಲಿಡದ ಹೆಣ್ಮಗಳ ಕೂಲಿನೂ ಗಣಿಯಿಂದ ಏರ್ತು. ಚೀನಾದಾಗ ಸ್ಟೇಡಿಯಂ ಕಟ್ಟಿದ್ರ ಸಿರುಗುಪ್ಪದ ಗದ್ದಿಯಾಗ ಕೂಲಿ ಏರ್ತೈತಿ ಅಂದ್ರ ನಂಬ್ತೀರಾ? ನಾನು ಕಣ್ಣಾರೆ ನೋಡೀನಿ.

ಗಣಿ ಬಂದ್ ಆದಾಗ ಆ ಮಂದಿಯೆಲ್ಲಾ ಗದ್ದಿಗೆ ವಾಪಸ್ ಬಂದ್ರು. ಇನ್ನ ಕೂಲಿ ಬೀಳ್ತೈತಿ ಅಂತ ನಾನು ತಿಳಕೊಂಡಿದ್ದೆ. ಬೀಳಲಿಲ್ಲ. ನಾದಿನಿಗೆ ಕೇಳಿದೆ. ಆಕಿ ನಕ್ಕು ಅಂದ್ಲು, ‘ವೈನಿ, ಹೋದ ವರ್ಷ ಕೊಟ್ಟ ಕೂಲಿಕಿಂತ ಕಡಿಮಿ ಕೊಡ್ತೀನಿ ಅಂತ ಯಾವ ರೈತ ಬಾಯಿಬಿಟ್ಟು ಅಂತಾನ? ಅಂದ್ರ ನಾವು ಸಸಿ ದೂರ ದೂರ ಹಚ್ಚಿ ಬರ್ತೀವಿ. ಅದು ಅವನಿಗೂ ಗೊತ್ತು. ಕೂಲಿ ಇಳಸಂಗಿಲ್ಲ. ಹತ್ತು ಮಂದಿ ಕರಿಯೋ ಕಡೆ ಆರು ಮಂದಿ ಕರೀತಾನ.’

ಈ ಮಾತಿಗೆ ದೊಡ್ಡ ದೊಡ್ಡವರೂ ಸಹಿ ಹಾಕ್ಯಾರ. ಸುಪ್ರೀತ್ ಕೌರ್ ಅನ್ನೋ ಅರ್ಥಶಾಸ್ತ್ರಜ್ಞೆ ನಮ್ಮ ದೇಶದ ಹಳ್ಳಿ ಕೂಲಿ, ಮಳಿ ಎರಡರದೂ ಹಲವು ವರ್ಷದ ಲೆಕ್ಕ ಜೋಡಿಸಿ ನೋಡ್ಯಾಳ. 2019ರಾಗ ಅದು ಅಚ್ಚಾತು. ಮಳಿ ಚಲೋ ಆದ ವರ್ಷ ಕೂಲಿ ಏರ್ತೈತಿ. ಬರ ಬಿದ್ದ ವರ್ಷ ಕೂಲಿ ಇಳಿಯಂಗಿಲ್ಲ, ಕೆಲ್ಸದ ದಿನ ಇಳೀತಾವು. ಕೂಲಿ ಕಡಿಮಿ ಮಾಡೋದು ಅನ್ಯಾಯ ಅಂತ ರೈತರೂ, ಕೂಲಿಯವರೂ ಇಬ್ಬರೂ ತಿಳಕೊಂಡಾರಂತ. ಕಡಿಮಿ ಮಾಡಿದ್ರ ಕೆಲ್ಸ ಕೆಡ್ತೈತಿ ಅನ್ನೋದೂ ಅದರಾಗ ಐತಿ. ನಮ್ಮ ನಾದಿನಿ ಇಂಗ್ಲಿಷ್ ಪುಸ್ತಕ ಓದಿಲ್ಲ, ಸಸಿ ಹಚ್ಚಿ ಕಲ್ತಾಳ.

ಇದರಾಗ ನಮಗೊಂದು ಪಾಠ ಐತಿ. ಸುಗ್ಗಿಯಾಗ ಕೇಳಿ ಪಡೆದ ಕೂಲಿ ಕಟ್ಟಿ ಹಾಕಿದ ಕಲ್ಲಿನಂಗ, ಬರದಾಗೂ ಅಲ್ಲೇ ಇರ್ತೈತಿ. ಸುಗ್ಗಿಯಾಗ ಕೇಳದ ಬಿಟ್ಟಿದ್ದು ಬಿಟ್ಟಂಗ. ಆದ್ರ ನಾವು ಯಾವಾಗ ಕೇಳ್ತೀವಿ ಹೇಳ್ರಿ? ಮನ್ಯಾಗ ಎಣ್ಣಿ ಮುಗಿದಾಗ, ಮಗುವಿನ ಫೀಸು ಬಂದಾಗ, ಗಂಡನ ಕೆಲ್ಸ ಹೋದಾಗ. ಅಷ್ಟೊತ್ತಿಗೆ ಊರಿಗೂರ ಕೆಲ್ಸ ಇಲ್ಲದ ಕುಂತಿರ್ತೈತಿ. ನಮಗ ರೊಕ್ಕ ಬೇಕಾದಾಗ ನಾವು ಕೇಳ್ತೀವಿ. ಅವರಿಗೆ ನಾವು ಬೇಕಾದಾಗ ಕೇಳ್ಬೇಕು.

ಕೂಲಿ ಇಳಿಯಂಗಿಲ್ಲ ಅಂದೆ, ಆದ್ರ ಕಳ್ಳದಾರೀಲೆ ಇಳಿಯೋದುಂಟು. ಟಂಟಂ ಬಾಡಿಗಿ ಮೊದಲು ರೈತ ಕೊಡ್ತಿದ್ದ, ಈಗ ಕೂಲಿಯಾಗ ಮುರಕೊಂತಾನ. ಚಾ ನಿಲ್ತೈತಿ. ಐದಕ್ಕ ಬಿಡೋರು ಆರಕ್ಕ ಬಿಡ್ತಾರ. ಶನಿವಾರದ ಬಟವಾಡಿ ಮುಂದಿನ ಶನಿವಾರಕ್ಕ ಹೋಗ್ತೈತಿ. ಹೊಲಿಗಿ ಕಡೆ ಆದ್ರ ‘ಡ್ಯಾಮೇಜ್’ ಅಂತ ಪೀಸು ತಗದು ಬಾಜೂಕ ಇಡ್ತಾರ. ರೇಟು ಕೇಳಿದ್ರ ಮೊದಲಿಂದ. ಕೈಗೆ ಬಂದಿದ್ದು ಎಣಿಸಿದ್ರ ಕಡಿಮಿ.

ಈ ವರ್ಷ ಹೊಲದ ಕತಿ ನಿಮಗ ಗೊತ್ತ ಐತಿ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಡ್ಯಾಮಿನ 19ನೇ ಗೇಟು ಕೊಚ್ಚಿಕೊಂಡು ಹೋತು. ತಾತ್ಕಾಲಿಕವಾಗಿ ಮುಚ್ಚಿದ್ರು. ಆಮ್ಯಾಲೆ ಎಲ್ಲಾ ಗೇಟು ಹೊಸದಾಗಿ ಕೂಡಿಸಬೇಕು ಅಂತ 2025ರ ನವೆಂಬರಿನ್ಯಾಗ ಎರಡನೇ ಬೆಳಿಗೆ ನೀರಿಲ್ಲ ಅಂತ ತೀರ್ಮಾನ ಆತು. ಗೇಟು ರಿಪೇರಿ ಆಗಲೇಬೇಕು, ಖರೆ. ಆದ್ರ ಸಂಕ್ರಾಂತಿ ಹೊತ್ತಿಗೆ ನೆಲ್ಲು ಹಚ್ಚೋ ಹಾಡಿನಿಂದ ತುಂಬಿರಬೇಕಾದ ಗದ್ದಿ ಈ ಸಲ ಬೀಳು ಬಿದ್ದೈತಿ. ಹಚ್ಚೋ ಕೂಲಿ ಇಲ್ಲ, ಕಳೆ ತಗಿಯೋ ಕೂಲಿ ಇಲ್ಲ. ಬೆಳಿ ಇಲ್ಲಂದ್ರ ನಾಳೆ ಸಿರುಗುಪ್ಪದ ಅಕ್ಕಿ ಮಿಲ್ಲಿನ್ಯಾಗ ಹಮಾಲರಿಗೂ ಅಷ್ಟ. ರೇಟು ಏನೂ ಇಳಿದಿಲ್ಲ ನೋಡ್ರಿ. ದಿನಗಳ ಇಲ್ಲ.

ಆ ಹೆಣ್ಮಕ್ಕಳು ಎಲ್ಲಿಗೆ ಹೋಗಬೇಕು? ಕೆಲವರು ಬೆಂಗಳೂರಿಗೆ ಗುಳೆ ಹೋದ್ರು. ಉಳಿದವರು ಮುಂಜಾನಿ ಬಸ್ಸಿಗೆ ಬಳ್ಳಾರಿಗೆ ಬರಾಕ ಹತ್ಯಾರ. 2023ರ ಜೂನ್ 11ಕ್ಕ ಶಕ್ತಿ ಯೋಜನಿ ಶುರು ಆತಲ್ಲ, ಅದನ್ನ ಮಂದಿ ದೇವರ ಗುಡಿಗೆ ಹೋಗಾಕ ಮಾಡ್ಯಾರ ಅಂತ ಚೇಷ್ಟಿ ಮಾಡ್ತಾರ. ನಾನು ಹಂಗ ಅನ್ನಂಗಿಲ್ಲ. ದಿನದ ಬಸ್ ಚಾರ್ಜು ಕೂಲಿಯೊಳಗ ಮುರದ್ರ ಕುರುಗೋಡಿನ ಹುಡುಗಿಗೆ ಬಳ್ಳಾರಿ ಕೆಲ್ಸ ಗಿಟ್ಟತಿರಲಿಲ್ಲ. ಈಗ ಗಿಟ್ಟತೈತಿ. ಆಕಿಗೆ ಊರಿನ ಒಬ್ಬ ರೈತ, ಒಂದು ಮೇಸ್ತ್ರಿ ಬಿಟ್ಟು ಬ್ಯಾರೆ ದಾರಿ ಸಿಕ್ಕೈತಿ. ಬ್ಯಾರೆ ದಾರಿ ಇದ್ದವಳ ಮಾತಿಗೆ ತೂಕ ಬ್ಯಾರೆನ ಇರ್ತೈತಿ. ಉದ್ಯೋಗ ಖಾತ್ರಿ ಕೂಲಿನೂ ಹಂಗ. 2024ರಾಗ ದಿನಕ್ಕ 349 ರೂಪಾಯಿ, 2025ರಾಗ 370. ಗಂಡಸಿಗೂ ಅಷ್ಟ, ಹೆಂಗಸಿಗೂ ಅಷ್ಟ. ಕೆಲ್ಸ ಸಿಕ್ಕವರು ಸಿಕ್ಕಷ್ಟು ದಿನ ಮಾಡ್ತಾರ. ಆದ್ರ ‘ಅಲ್ಲಿ ಇಷ್ಟು ಕೊಡ್ತಾರ’ ಅಂತ ಗದ್ದಿ ಬದುವಿನ ಮ್ಯಾಲೆ ನಿಂತು ಹೇಳಾಕ ಒಂದು ಅಂಕಿ ಸಿಕ್ತು.

ಹಂಗಂದ್ರ ಹೊಲದಿಂದ ಇಷ್ಟು ಮಂದಿ ಬಂದ್ರ ಜೀನ್ಸಿನ ಕೂಲಿ ಬೀಳಂಗಿಲ್ಲೇನು ಅಂತ ತಂಗಿ ಕೇಳಿದ್ಲು. ಚಲೋ ಪ್ರಶ್ನಿ. ಹೊಸದಾಗಿ ಬಂದವರು ಸೇರೋದು ದಾರ ಕತ್ತರಿಸೋದಕ್ಕ, ಗುಂಡಿ ಕೂಡಿಸೋದಕ್ಕ, ಮಡಚಿ ಪ್ಯಾಕಿಂಗ್ ಮಾಡೋದಕ್ಕ. ಆ ಕೂಲಿ ಈ ವರ್ಷ ಏರಂಗಿಲ್ಲ, ಹೊಸಬರಿಗೆ ಕಡಿಮಿನೂ ಹೇಳ್ತಾರ. ಜಿಪ್ ಕೂಡಿಸೋದು, ಜೇಬು ಹೊಲಿಯೋದು, ಓವರ್‌ಲಾಕ್ ಅಂದ್ರ ಕಲಿಯಾಕ ತಿಂಗಳುಗಟ್ಲೆ ಬೇಕು. ಗದ್ದಿಯಿಂದ ಬಂದಾಕಿ ನಾಳೆನ ಆ ಮಷಿನ್ನಿಗೆ ಕೂಡ್ರಾಕ ಆಗಂಗಿಲ್ಲ. ಮ್ಯಾಲೆ ರಂಜಾನ್, ಯುಗಾದಿ ಎರಡೂ ಈ ಸಲ ಮಾರ್ಚಿನ್ಯಾಗ ಕೂಡಿ ಬಂದಾವು. ಹಬ್ಬದ ಮಾಲು ಈಗ ಹೊರಡಬೇಕು. ಅದಕ್ಕ ಆ ಇನ್ನೊಬ್ಬ ಮಾಲಕ ನಮ್ಮ ಹುಡುಗಿನ್ನ ‘ನಾಳೆನ ಬಾ’ ಅಂದಿದ್ದು. ಊರಿಗೆಲ್ಲಾ ಇಳಿಗಾಲ ಇದ್ರೂ ಜಿಪ್ ಕೂಡಿಸೋ ಕೈಗೆ ಇದು ಏರುಗಾಲ.

ಹಂಗಾದ್ರ ಹೋಗು ಅಂತ ಹೇಳಿಬಿಡಲ್ಲ್ಯಾ? ಇಲ್ಲೇ ನಾನು ನಿಂತೆ. ಈ ಎಂಟಾಣೆ ಹಬ್ಬದ್ದೋ, ವರ್ಷದ್ದೋ?

ಹಾಲಿನ ಲೆಕ್ಕ ಬರಿಯೋ ಕ್ಯಾಲೆಂಡರ್ ತಗದು ಹುಡುಗಿ ಜೋಡಿ ಕುಂತೆ. ಹೋದ ವರ್ಷ ಎಷ್ಟು ದಿನ ಕೆಲ್ಸ ಸಿಕ್ತು ಅಂತ ತಿಂಗಳಾ ತಿಂಗಳಾ ನೆನಪು ಮಾಡಿಸಿದೆ. ಹಬ್ಬದ ಮುಂದ ತುಂಬ ಕೆಲ್ಸ, ಮಳಿಗಾಲದಾಗ ವಾರಕ್ಕ ಮೂರು ದಿನ. ಎಲ್ಲಾ ಕೂಡಿಸಿದ್ರ 260 ದಿನ ಆದ್ವು. ದಿನಕ್ಕ 450 ರೂಪಾಯಿ ಅಂದ್ರ ವರ್ಷಕ್ಕ 1,17,000. ಹೊಸ ಕಡೆ ದಿನಕ್ಕ 525. ಅಲ್ಲಿ ಹಬ್ಬ ಆದ ಮ್ಯಾಲೆ ಮಷಿನ್ ನಿಂತು, ವರ್ಷಕ್ಕ 210 ದಿನ ಅಷ್ಟ ಕೆಲ್ಸ ಸಿಕ್ಕರ 1,10,250. ಅಂದ್ರ ಎಂಟಾಣೆ ಜಾಸ್ತಿ ಪಡೆದೂ ವರ್ಷಕ್ಕ 6,750 ಕಡಿಮಿ. 223 ದಿನ ಸಿಕ್ಕರ ಎರಡೂ ಸಮ. ಅದಕಿಂತ ಹೆಚ್ಚು ಸಿಕ್ಕರ ಹೋಗಿದ್ದು ಲಾಭ.

ಅದಕ್ಕ ಹುಡುಗಿಗೆ ಹೇಳಿದೆ, ‘ಮಾಲಕನ್ನ ಕೇಳಬ್ಯಾಡ, ಅಲ್ಲಿ ಕೆಲ್ಸ ಮಾಡೋ ಹೆಣ್ಮಕ್ಕಳನ್ನ ಕೇಳು. ಹೋದ ಮಳಿಗಾಲದಾಗ ವಾರಕ್ಕ ಎಷ್ಟು ದಿನ ಮಷಿನ್ ತಿರುಗ್ತು? ಬಟವಾಡಿ ಶನಿವಾರಕ್ಕ ಶನಿವಾರ ಆಗ್ತೈತಾ? ಕೆಲ್ಸ ಕಡಿಮಿ ಆದಾಗ ಮೊದಲು ಯಾರನ್ನ ಮನಿಗೆ ಕಳಿಸಿದ್ರು, ಹಳಬರನ್ನೋ ಹೊಸಬರನ್ನೋ?’ ಕೊನೀ ಪ್ರಶ್ನಿ ಬಾಳ ಮುಖ್ಯ. ಕಡೀಗೆ ಸೇರಿದವರು ಮೊದಲು ಹೊರಗ ಹೋಗೋದು ಬಾಳ ಕಡೆ ರೂಢಿ. 2020ರ ಮಾರ್ಚಿನ್ಯಾಗ ಲಾಕ್‌ಡೌನ್ ಆಗಿ ಮುಂದ ಯೂನಿಟ್ಟು ತಗದಾಗ ನಮ್ಮ ಓಣ್ಯಾಗ ಹಿಂಗ ಆತು. ಹಳಬರನ್ನ ಕರದ್ರು. ಹೊಸಬರು ದೀಪಾವಳಿ ತನಕ ಮನ್ಯಾಗ ಬೀಡಿ ಕಟ್ಟಿದ್ರು.

ಇಷ್ಟಾದ ಮ್ಯಾಲೆ ತಂಗಿ, ‘ನೋಡು, ನಾ ಹೇಳಿದ್ದ ಖರೆ ಆತು, ಇಲ್ಲೇ ಇರ್ಲಿ’ ಅಂದ್ಲು. ನಾನು ಅಂದೆ, ‘ಇರಬಹುದು. ಆದ್ರ ಇರೋದು ಆಕಿ ಇಷ್ಟದ್ದಾಗಬೇಕು, ಮುಂಗಡದ್ದಲ್ಲ.’

ಮುಂಗಡದ ಬಗ್ಗೆ ನನ್ನ ಮಾತು ಕೆಲವರಿಗೆ ಕಹಿ ಆಗಬಹುದು. ಬಡ್ಡಿ ಇಲ್ಲ ಅಂತ ತಂಗಿ ಹತ್ತು ಸಲ ಹೇಳಿದ್ಲು. ಬಡ್ಡಿ ಐತಿ. ಅದು ಚೀಟಿಯಾಗ ಬರದಿಲ್ಲ ಅಷ್ಟ. ಹೊಸ ಕಡೆ ಇಲ್ಲಿಯಷ್ಟ ದಿನ ಕೆಲ್ಸ ಇದ್ರ ಆಕಿ ದಿನಕ್ಕ 75 ರೂಪಾಯಿ ಜಾಸ್ತಿ ದುಡೀತಿದ್ಲು. 260 ದಿನಕ್ಕ 19,500 ರೂಪಾಯಿ. 25,000 ಮುಂಗಡಕ್ಕ ವರ್ಷಕ್ಕ ಹತ್ತೊಂಬತ್ತೂವರಿ ಸಾವಿರ! ಯಾವ ಸಂಘದಾಗ, ಯಾವ ಗಿರವಿ ಅಂಗಡಿಯಾಗ ಇಂಥಾ ಬಡ್ಡಿ ಐತಿ? ಮುಂಗಡ ಕೊಟ್ಟವರು ಮೋಸಗಾರರು ಅಂತ ನಾನು ಅನ್ನಂಗಿಲ್ಲ. ಕಷ್ಟಕ್ಕ ಆದವರು ಅವರು. ಆದ್ರ ಕೆಲ್ಸದ ಸುಗ್ಗಿ ಬರೋ ಮುಂದ ಮುಂಗಡ ಕೊಟ್ರ ಆ ಸುಗ್ಗಿಯಾಗ ಹುಡುಗಿ ಬಾಯಿ ತಗಿಯಂಗಿಲ್ಲ ಅಂತ ಅವರಿಗೆ ಗೊತ್ತು. ಗೊತ್ತಿಲ್ಲದಿದ್ದಿದ್ದು ನಮಗ.

ಮುಂಗಡ ತಗೊಂಡಿದ್ದು ಅಣ್ಣನ ಮದುವಿಗೆ, ತೀರಸ್ತಿರೋದು ತಂಗಿ ಕೈ. ಇದನ್ನೂ ಒಂದು ಸಲ ಯೋಚನಿ ಮಾಡ್ರಿ. ನಮ್ಮ ಹೆಣ್ಮಕ್ಕಳು ಜಾಗ ಬದಲಿಸದ ನಿಲ್ಲೋದು ನಂಬಿಕಿಗೆ ಅಂತ ನಾವು ಹೊಗಳ್ತೀವಿ. ಒಳಗ ನೋಡಿದ್ರ ಒಬ್ಬಾಕಿಗೆ ಮುಂಗಡ, ಇನ್ನೊಬ್ಬಾಕಿಗೆ ಸಣ್ಣ ಮಗು, ಮತ್ತೊಬ್ಬಾಕಿಗೆ ‘ಅಲ್ಲಿ ಗಂಡಸ್ರು ಜಾಸ್ತಿ, ಮಂದಿ ಏನಂತಾರ’ ಅನ್ನೋ ಅಂಜಿಕಿ. ಗಂಡಸ್ರು ಮೂರು ಕಡೆ ಓಡ್ಯಾಡಿ ಪಗಾರ ಏರಿಸ್ಕೊಂಡ್ರ ‘ಜಾಣ’ ಅಂತೀವಿ. ಹೆಣ್ಣು ಎರಡನೇ ಕಡೆ ಹೋದ್ರ ‘ಒಂದು ಕಡೆ ನಿಲ್ಲಂಗಿಲ್ಲ’ ಅಂತೀವಿ. ಅನ್ನೋರು ಯಾರು? ನಾವ. ನಾನೂ ಅಂದೀನಿ.

ಅದಕ್ಕ ನನ್ನ ಅಭಿಪ್ರಾಯ ಇಷ್ಟ. ನಮ್ಮ ಸಂಘಗಳಾಗ ಎಮ್ಮಿಗೆ ಸಾಲ ಕೊಡ್ತೀವಿ, ಮದುವಿಗೆ ಕೊಡ್ತೀವಿ, ಫ್ರಿಜ್ಜಿಗೂ ಕೊಡ್ತೀವಿ. ಹುಡುಗ್ಯಾರ ಮುಂಗಡ ತೀರಸಾಕೂ ಕೊಡೋಣ. ಮುಂಗಡ ಸಂಘಕ್ಕ ಬಂದ್ರ ಬಡ್ಡಿ ಎಷ್ಟು ಅಂತ ಗೊತ್ತಿರ್ತೈತಿ, ಕಂತು ಗೊತ್ತಿರ್ತೈತಿ. ಆಕಿ ಎಲ್ಲಿ ದುಡದ್ರೂ ಕಂತು ಕಟ್ತಾಳ. ದುಡಿಯೋ ಜಾಗ ಒಬ್ಬರ ಕೈಯಾಗ, ಸಾಲ ಇನ್ನೊಬ್ಬರ ಕೈಯಾಗ ಇರಬೇಕು. ಎರಡೂ ಒಬ್ಬರ ಕೈಯಾಗ ಇದ್ರ ಬಾಯಿ ಕಟ್ಟಿದಂಗ.

ಎರಡನೇದು, ಕೆಲ್ಸ ಕಡಿಮಿ ಇದ್ದಾಗ ಜಾಗ ಬಿಡಬ್ಯಾಡ್ರಿ, ಜಗಳ ಮಾಡಬ್ಯಾಡ್ರಿ. ಆ ದಿನಗಳಾಗ ಕಲೀರಿ. ದಾರ ಕತ್ತರಿಸೋ ಹುಡುಗಿ ಖಾಲಿ ಮಷಿನ್ನಿನ ಮ್ಯಾಲೆ ಜೇಬು ಹೊಲಿಯೋದು ಕಲೀಲಿ. ನಮ್ಮ ಹುಡುಗಿ ಜಿಪ್ ಕಲ್ತಿದ್ದು ಹೋದ ಮಳಿಗಾಲದ ಖಾಲಿ ದಿನಗಳಾಗ. ಮೂರನೇದು, ಕೆಲ್ಸ ತುಂಬಿದಾಗ ಕೇಳ್ರಿ. ಒಬ್ಬೊಬ್ಬರಾಗಿ ಅಲ್ಲ, ಒಂದು ಸಾಲಿನ್ಯಾಗ ಕೂಡ್ರೋ ನಾಕು ಮಂದಿ ಕೂಡಿ ಕೇಳ್ರಿ. ನೆಲ್ಲು ಹಚ್ಚೋರು ಎಕರೆಕ್ಕ ಇಷ್ಟು ಅಂತ ಗುಂಪಾಗಿ ಗುತ್ತಿಗಿ ಮಾತಾಡಂಗಿಲ್ಲೇನು? ಅದ ಬುದ್ಧಿ ಬಳ್ಳಾರಿಗೂ ತರ್ರಿ.

ಹೋದ ಗುರುವಾರ ನಾವು ನಾಕು ಮನಿಯವರು ಕೂಡಿದ್ವಿ. ಸಂಘದಿಂದ 15,000, ನಮ್ಮ ಮನಿಯಿಂದ 5,000, ಸಿರುಗುಪ್ಪದ ನಾದಿನಿ ತನ್ನ ಗದ್ದಿ ಕೂಲಿಯೊಳಗ ಉಳಿಸಿದ್ದ 5,000. ಕೆಲ್ಸ ಇಲ್ಲದ ವರ್ಷದಾಗ ಆಕಿ ಕೊಟ್ಟಿದ್ದು ನನಗ ಮಾತಾಡಾಕ ಬರದಂಗ ಮಾಡ್ತು. ಹುಡುಗಿ ಶನಿವಾರ ಬಟವಾಡಿ ಹೊತ್ತಿಗೆ ಮುಂಗಡ ತಿರುಗಿ ಕೊಟ್ಟು, ಚೀಟಿ ಹರಿಸಿಕೊಂಡು, ಜೋಡಿ ಮೂವರು ಹುಡುಗ್ಯಾರನ್ನ ಕರಕೊಂಡು ‘ಮೂರೂವರಿ ಮಾಡ್ರಿ’ ಅಂತ ಕೇಳ್ಯಾಳ. ಮಾಲಕರು ‘ಹಬ್ಬದ ಲೋಡ್ ಹೋಗ್ಲಿ, ನೋಡೋಣ’ ಅಂದಾರ.

‘ಹಬ್ಬ ಆದ ಮ್ಯಾಲೆ ಅಲ್ಲ, ಹಬ್ಬದ ಒಳಗ ಹೇಳ್ರಿ’ ಅಂದು ಬಂದಾಳಂತ. ತಂಗಿ ಫೋನ್ ಮಾಡಿ ನನಗ ಬೈದ್ಲು. ‘ನೀನ ಕೆಡಿಸಿದೆ ಆಕಿನ್ನ’ ಅಂದ್ಲು. ಬೈಲಿ. ಮೂರೂಕಾಲು ಮಾಡಿದ್ರೂ ನಿಲ್ಲೋದ ಅಂತ ಹುಡುಗಿ ಲೆಕ್ಕ ಹಾಕ್ಯಾಳ, ಇಲ್ಲಿ 260 ದಿನ ಗಟ್ಟಿ ಅಂತ ಆಕಿಗೆ ಗೊತ್ತೈತಿ. ಇಲ್ಲಂದ್ರ ಆ ಇನ್ನೊಂದು ಕಡೆ ಹೆಣ್ಮಕ್ಕಳು ಹೇಳೋ ಮಾತಿನ ಮ್ಯಾಲೆ ತೀರ್ಮಾನ.

ನಿಮ್ಮ ಮನ್ಯಾಗೂ ದುಡಿಯೋ ಹುಡುಗ್ಯಾರು ಇದ್ರ ಇವತ್ತ ಕ್ಯಾಲೆಂಡರ್ ತಗೀರಿ. ಕೆಲ್ಸ ಸಿಕ್ಕ ದಿನಕ್ಕ ಒಂದು ಗೆರಿ, ಬಟವಾಡಿ ಬಂದ ದಿನಕ್ಕ ಒಂದು ಸುತ್ತು. ಮುಂಗಡ ಇದ್ರ ಅದನ್ನೂ ಮೂಲಿಯಾಗ ಬರೀರಿ. ವರ್ಷ ತಿರುಗೋದ್ರಾಗ ಏರುಗಾಲ ಯಾವುದು, ಇಳಿಗಾಲ ಯಾವುದು ಅಂತ ಅದ ಹೇಳ್ತೈತಿ. ನಾನು 2004ರಾಗ ಹಿಂಗ ಗೆರಿ ಹಾಕಲಿಲ್ಲ.